ಬೆನ್ನಿನ ಗಾಯಕ್ಕೆ ಬಾಗಿಲ ಸಹಾಯ

ಪ್ರಶ್ನೆ: ಬೆನ್ನ ನಡುವೆ ಗಾಯ, ಮನೆಯಲ್ಲಿ ಒಬ್ಬಳೇ. ಪಟ್ಟಿ ಹಾಕಿಕೊಳ್ಳುವುದು ಹೇಗೆ?
– ಓದುಗರು, ಮಧುರೆ, ದೊಡ್ಡಬಳ್ಳಾಪುರ ತಾಲ್ಲೂಕು

ಉತ್ತರ: ಮೊದಲು ಮೊಬೈಲಿನಲ್ಲಿ ಗಾಯದ ಫೋಟೊ ತೆಗೆಯಿರಿ, ದಿನದಿನದ ಬದಲಾವಣೆಯೂ ತಿಳಿಯುತ್ತದೆ. ಶುದ್ಧ ನೀರು ಸುರಿದು ತೊಳೆದು, ಸುತ್ತಲಿನ ಚರ್ಮ ಒರೆಸಿ. ಅಂಟುವ ರೆಡಿಮೇಡ್ ಡ್ರೆಸಿಂಗ್ ತನ್ನಿ. ಅದರ ಅಂಟಿನ ಬದಿ ಹೊರಗಿರುವಂತೆ ಗಾಯದ ಎತ್ತರಕ್ಕೆ ಬಾಗಿಲಿಗೆ ಟೇಪಿನ ತುಣುಕಿನಿಂದ ಹಗುರಾಗಿ ಸಿಕ್ಕಿಸಿ, ಬೆನ್ನು ಒತ್ತಿ. ಮೊದಲ ಸಲ ವಾರೆಯಾದೀತು, ಬೇಸರ ಬೇಡ. ಅರಿಸಿನ, ಕಾಫಿಪುಡಿ ಮಾತ್ರ ಮೆತ್ತಬೇಡಿ.

ಆಳವಾದ ಅಥವಾ ಹೊಲಿಗೆ ಹಾಕಿದ ಗಾಯಕ್ಕೆ ಈ ಸರ್ಕಸ್ಸೇ ಬೇಡ. ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಡ್ರೆಸಿಂಗ್ ಮಾಡುತ್ತಾರೆ. ಧನುರ್ವಾಯು ತಡೆಯುವ ಚುಚ್ಚುಮದ್ದು ಬೇಕೇ ಎಂದೂ ಅಲ್ಲೇ ಕೇಳಿ. ಊರಿನ ಆಶಾ ಕಾರ್ಯಕರ್ತೆಗೂ ತಿಳಿಸಿಡಿ. ಕೆಂಪು ಹರಡಿದರೆ, ಕೀವು, ಜ್ವರ ಬಂದರೆ ಅಂದೇ ವೈದ್ಯರಲ್ಲಿಗೆ ಹೋಗಿ. ಸಕ್ಕರೆ ಕಾಯಿಲೆಯಿದ್ದರಂತೂ ಚಿಕ್ಕ ಗಾಯವನ್ನೂ ಮೊದಲೇ ತೋರಿಸಿ.