ಒಂದು ಹೆಸರು, ಹಲವು ಮಾದರಿಗಳು

ಗಣಕಯಂತ್ರಕ್ಕೆ ಅಪ್ಪಣೆಗಳನ್ನು ಬರೆದುಕೊಡುವ ಭಾಷೆಗಳಲ್ಲಿ, ಮೈಕ್ರೋಸಾಫ್ಟಿನವರು ೨೦೦೬ರಲ್ಲಿ ಹೊರಪಡಿಸಿದ ಪವರ್‌ಶೆಲ್ ಎಂಬದು ಒಂದು. ಅದರಲ್ಲಿ 'ಸ್ವಿಚ್' ಎಂಬ ವಾಕ್ಯವುಂಟು. ಒಂದು ಮಾತನ್ನು ತಕ್ಕೊಂಡು, ಅದು ಇಂಥ ಮಾದರಿಗೆ ಹೊಂದಿದರೆ ಈ ಕೆಲಸ, ಅಂಥದಕ್ಕೆ ಹೊಂದಿದರೆ ಆ ಕೆಲಸ ಎಂದು ವಿಂಗಡಿಸುವದೇ ಅದರ ಉದ್ಯೋಗ. ಇದರಲ್ಲಿರುವ ಒಂದು ಸೂಕ್ಷ್ಮವನ್ನರಿಯದವರು ಬೆಲೆಯುಳ್ಳ ದಾಖಲೆಗಳನ್ನು ಕಳಕೊಳ್ಳುವ ಸಂಭವವಿರುವದರಿಂದ ನಾವು ಅದನ್ನು ವಿವರಿಸಲಿಚ್ಛಿಸುತ್ತೇವೆ.

ಬೇರೇನೂ ಹೇಳದಿದ್ದರೆ ಸ್ವಿಚ್ ಪೂರ್ಣ ಮಾತನ್ನೇ ಹೋಲಿಸುವದು. 'ವೈಲ್ಡ್‌ಕಾರ್ಡ್' ಎಂಬ ಪದವನ್ನು ಕೂಡಿಸಿದರೆ ನಕ್ಷತ್ರಚಿಹ್ನೆಯು (*) ಎಷ್ಟು ಅಕ್ಷರಗಳಿಗಾದರೂ ಬದಲಾಗಿ ನಿಲ್ಲುವದು. ಒಂದು ಶಾಲೆಯ ಫೈಲುಗಳ ಹೆಸರುಗಳನ್ನು ವಿಂಗಡಿಸಬೇಕಾಗಿದೆ ಎಂದು ಭಾವಿಸೋಣ. 'ಅಂಕ*' ಎಂಬದಕ್ಕೆ ಹೊಂದಿದವುಗಳನ್ನು ಕಾಪಾಡತಕ್ಕವುಗಳ ಪಟ್ಟಿಯಲ್ಲಿ ಬರೆಯಬೇಕು. '*ಹಳತು*' ಎಂಬದಕ್ಕೆ ಹೊಂದಿದವುಗಳನ್ನು ಅಳಿಸಬೇಕು. ಈಗ 'ಅಂಕಪಟ್ಟಿ-ಹಳತು' ಎಂಬ ಫೈಲು ಬಂದರೆ ಏನಾಗುವದು? ಮೊದಲನೆಯ ಮಾದರಿ ಹೊಂದಿದೊಡನೆ ಯಂತ್ರವು ನಿಲ್ಲುವದಿಲ್ಲ. ಎರಡನೆಯದನ್ನೂ ಪರೀಕ್ಷಿಸಿ ಆ ಕೆಲಸವನ್ನೂ ಮಾಡುವದು. ಪಟ್ಟಿಯಲ್ಲಿ ಹೆಸರಿರುವದು, ಅಂಕಗಳಾದರೋ ಇಲ್ಲ!

ಯೂನಿಕ್ಸಿನಲ್ಲಿ ಪಳಗಿದವರೇ ಇಲ್ಲಿ ಹೆಚ್ಚಾಗಿ ಎಡವಬಹುದು. ಯಾಕಂದರೆ ಸ್ಟೀಫನ್ ಬೋರ್ನರು ರಚಿಸಿ ೧೯೭೯ರ ಯೂನಿಕ್ಸಿನ ೭ನೆಯ ಆವೃತ್ತಿಯೊಡನೆ ಬಂದ ಶೆಲ್ಲಿನ 'ಕೇಸ್' ವಾಕ್ಯದಲ್ಲಿ ಮೊದಲು ಹೊಂದಿದ ಒಂದೇ ಕೆಲಸ ನಡೆಯುತ್ತದೆ. (ಆ ವಾಕ್ಯವು 'ಕೇಸ್' ಎಂಬದರ ಅಕ್ಷರಗಳನ್ನೇ ತಿರುಗುಮುರುಗಾಗಿ ಬರೆದ 'ಎಸಾಕ್' ಎಂಬದರಿಂದ ಮುಗಿಯುವದು ವಿನೋದಕರವಾಗಿದೆ.)

ಪವರ್‌ಶೆಲ್ಲಿನಲ್ಲಿ ಇದನ್ನು ತಡೆಯಲು ಮೊದಲನೆಯ ಕೆಲಸದ ಕೊನೆಯಲ್ಲಿ 'ಬ್ರೇಕ್' ಎಂದು ಬರೆಯುವವರುಂಟು. ಒಂದೇ ಹೆಸರಿದ್ದರೆ ಅದು ಸರಿಯೇ. ಆದರೆ ಹೆಸರುಗಳ ಸಾಲನ್ನೇ ಸ್ವಿಚ್ಚಿಗೆ ಒಪ್ಪಿಸಿದ್ದರೆ ಬ್ರೇಕ್ ಎಂಬದು ಉಳಿದ ಹೆಸರುಗಳನ್ನೂ ನೋಡದೆ ಕೆಲಸವನ್ನೆಲ್ಲ ನಿಲ್ಲಿಸಿಬಿಡುವದು. ಮುಂದಿನ ಹೆಸರಿಗೆ ಹೋಗಬೇಕಾದರೆ 'ಕಂಟಿನ್ಯೂ' ಎಂದೇ ಬರೆಯತಕ್ಕದ್ದು.

ಇನ್ನು ಎರಡು ಮೂರು ಮಾದರಿಗಳಿಗೆ ಒಂದೇ ಕೆಲಸವನ್ನು ಹೇಳುವದು ಹೇಗೆ? ಶೆಲ್ಲಿನ ಕೇಸಿನಲ್ಲಿ ಮಾದರಿಗಳ ನಡುವೆ ನಿಲುಗೆರೆಯನ್ನು (|) ಎಳೆದರೆ ಸಾಕು. ಪವರ್‌ಶೆಲ್ಲಿನ ವೈಲ್ಡ್‌ಕಾರ್ಡಿಗೆ ಆ ಸೌಕರ್ಯವಿಲ್ಲ. ಅಲ್ಲಿ 'ರೆಜೆಕ್ಸ್' ಎಂಬ ಪದವನ್ನು ಕೂಡಿಸಿ 'ಅಂಕ|ಹಾಜರಿ|ಶುಲ್ಕ' ಎಂದು ಬರೆಯಬೇಕು. ವೈಲ್ಡ್‌ಕಾರ್ಡು ಇಡೀ ಹೆಸರಿಗೆ ಹೊಂದಬೇಕಾದದ್ದು. ರೆಜೆಕ್ಸಾದರೋ ಹೆಸರಿನ ಯಾವ ಮೂಲೆಯಲ್ಲಿ ಸಿಕ್ಕಿದರೂ ಹೊಂದಿತೆಂದೆಣಿಸುವದು. ಆದಕಾರಣ 'ಶುಲ್ಕ' ಎಂದು ಮಾತ್ರ ಬರೆದರೆ 'ನಿಶ್ಶುಲ್ಕ' ಎಂಬದೂ ಅದರೊಳಗೆ ಸೇರಿಹೋಗುವದು. ಹೆಸರಿನ ಆರಂಭದಲ್ಲಿಯೇ ಹುಡುಕಬೇಕಾದರೆ ಮೂರನ್ನೂ ಕಂಸದಲ್ಲಿಟ್ಟು '^(ಅಂಕ|ಹಾಜರಿ|ಶುಲ್ಕ)' ಎಂದು ಬರೆಯಬೇಕು.