ನೆಲ ಡೊಂಕು ಮಾಡಿಸಿದವರು ಯಾರು?

2024ರ ಅಕ್ಟೋಬರ್ 17, ಗುರುವಾರ. ಹಿಂದಿನ ದಿನದ ಆಟ ಸಂಪೂರ್ಣವಾಗಿ ಮಳೆಗೆ ಆಹುತಿಯಾಗಿ, ಟಾಸ್ ಕೂಡ ನಡೆಯದೆ ಮನೆಗೆ ಮರಳಿದ್ದ ನಾನೂ ನನ್ನ ತಂದೆಯೂ ಅಂದು ಬೆಳಿಗ್ಗೆ ಮತ್ತೆ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದು ಕುಳಿತಿದ್ದೆವು. ತಂದೆಗೆ ಆಗ ಎಪ್ಪತ್ತನಾಲ್ಕು. ಅವರ ತೊಡೆಯ ಮೇಲೆ ಎಂದಿನಂತೆ ಗೆರೆ ಹಾಕಿದ ಒಂದು ನೋಟ್‌ಬುಕ್. ನೋಡಿದ ಪ್ರತಿಯೊಂದು ಟೆಸ್ಟ್ ಪಂದ್ಯದ ಸ್ಕೋರನ್ನೂ ಕೈಯಾರೆ ಬರೆದಿಡುವುದು ಈ ನಿವೃತ್ತ ಶಾಲಾ ಶಿಕ್ಷಕರ ಐವತ್ತು ವರ್ಷಗಳ ಚಟ.

ಮೋಡ ಇನ್ನೂ ಕವಿದೇ ಇತ್ತು. ಹೊದಿಕೆಯಡಿ ಬೆವೆತ ಪಿಚ್ ಕಣ್ಣಿಗೇ ತೇವವಾಗಿ ಕಾಣುತ್ತಿತ್ತು. ಅಂಥ ಬೆಳಿಗ್ಗೆ ಟಾಸ್ ಗೆದ್ದ ಭಾರತ ಬ್ಯಾಟಿಂಗ್ ಆಯ್ದುಕೊಂಡಿತು. ಸಾಲದೆಂಬಂತೆ ಮೂವರು ಸ್ಪಿನ್ನರ್‌ಗಳನ್ನೂ ಆಡಿಸಿತು. ಊಟದ ವಿರಾಮಕ್ಕೆ 6 ವಿಕೆಟ್‌ಗೆ 34. ಕೊನೆಗೆ 31.2 ಓವರ್‌ಗಳಲ್ಲಿ 46ಕ್ಕೆ ಆಲೌಟ್. ಐವರ ಮುಂದೆ ಸೊನ್ನೆ: ಕೊಹ್ಲಿ, ಸರ್ಫರಾಜ್, ರಾಹುಲ್, ಜಡೇಜ, ಅಶ್ವಿನ್. ಮ್ಯಾಟ್ ಹೆನ್ರಿಗೆ 15 ರನ್‌ಗೆ 5 ವಿಕೆಟ್. ಭಾರತದ ನೆಲದಲ್ಲಿ ಭಾರತ ಗಳಿಸಿದ ಅತಿ ಕಡಿಮೆ ಮೊತ್ತ ಅದು, ಅದೂ ನಮ್ಮೂರಿನಲ್ಲಿ. ತಂದೆಯ ನೋಟ್‌ಬುಕ್‌ನಲ್ಲಿ ಅರ್ಧ ಪುಟವೂ ತುಂಬಲಿಲ್ಲ. ಅವರು ಪೆನ್ನಿನ ಮುಚ್ಚಳ ಹಾಕಿ, "ಪಿಚ್ ನೋಡುವುದಕ್ಕೆ ಯಾರೂ ಹೋಗಿರಲಿಲ್ಲವೇ?" ಎಂದಷ್ಟೇ ಕೇಳಿದರು.

ಪಿಚ್ಚನ್ನು ಓದುವುದರಲ್ಲಿ ತಪ್ಪಾಯಿತೆಂದು ಅಂದು ಸಂಜೆ ನಾಯಕ ರೋಹಿತ್ ಶರ್ಮ ಒಪ್ಪಿಕೊಂಡರು. ಅದು ದೊಡ್ಡತನವೇ. ಎರಡನೇ ಇನಿಂಗ್ಸ್‌ನಲ್ಲಿ ಸರ್ಫರಾಜ್ ಖಾನ್ 150, ರಿಷಭ್ ಪಂತ್ 99 ಗಳಿಸಿ 462ರವರೆಗೆ ಎಳೆದದ್ದೂ ನಿಜ. ಆದರೆ ಅದರಲ್ಲಿಯೂ ಕೊನೆಯ ಏಳು ವಿಕೆಟ್‌ಗಳು 54 ರನ್‌ಗಳ ಅಂತರದಲ್ಲಿ ಉದುರಿದವು. 134 ರನ್ ಹೊಡೆದು ನ್ಯೂಜಿಲೆಂಡನ್ನು ಗೆಲುವಿನ ದಡಕ್ಕೆ ತಂದ ರಚಿನ್ ರವೀಂದ್ರ ಬೆಂಗಳೂರು ಮೂಲದ ಕುಟುಂಬದ ಹುಡುಗ. ಪ್ರೇಕ್ಷಕರಲ್ಲಿ ಅನೇಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾವೂ ತಟ್ಟಿದೆವು. 1988ರ ನಂತರ ನ್ಯೂಜಿಲೆಂಡ್ ಭಾರತದಲ್ಲಿ ಗೆದ್ದ ಮೊದಲ ಟೆಸ್ಟ್ ಅದು.

ಸೋಲು ನೋವಿನ ಸಂಗತಿಯೇ, ಆದರೆ ಅಭಿಮಾನಿಯನ್ನು ಕಂಗೆಡಿಸುವುದು ಸೋಲಲ್ಲ. ಇದೇ ಅಂಗಳದ ಮೊದಲ ಟೆಸ್ಟ್ 1974ರ ನವೆಂಬರಿನಲ್ಲಿ ನಡೆದಾಗ ತಂದೆ ಇಪ್ಪತ್ತನಾಲ್ಕರ ಯುವಕ. ವೆಸ್ಟ್ ಇಂಡೀಸ್ ಎದುರು ಭಾರತ ಅಂದು 267 ರನ್‌ಗಳಿಂದ ಸೋತಿತು. ಕ್ಲೈವ್ ಲಾಯ್ಡ್ 163, ಹೊಸಬ ಗ್ರೀನಿಜ್ 93 ಮತ್ತು 107. ಆ ಸೋಲನ್ನು ತಂದೆ ಇಂದಿಗೂ ಹಬ್ಬದ ಊಟದಂತೆ ನೆನೆಯುತ್ತಾರೆ. ಏಕೆಂದರೆ ಅದೇ ಪಂದ್ಯದಲ್ಲಿ ಚಂದ್ರಶೇಖರ್ ಇನ್ನೊಬ್ಬ ಹೊಸಬ ವಿವಿಯನ್ ರಿಚರ್ಡ್ಸ್‌ರನ್ನು ಎರಡೂ ಇನಿಂಗ್ಸ್‌ಗಳಲ್ಲಿ ಒಂದಂಕಿಗೇ ಹಿಂದಕ್ಕೆ ಕಳುಹಿಸಿದ್ದರು. ಅದೇ ಸರಣಿಯಲ್ಲಿ, ಮದ್ರಾಸಿನಲ್ಲಿ ವಿಶ್ವನಾಥ್ ಅಜೇಯ 97 ಗಳಿಸಿದರು. ತಂಡದ ಒಟ್ಟು ಮೊತ್ತವೇ 190. ಎರಡು ಟೆಸ್ಟ್ ಸೋತಿದ್ದವರು ಎರಡನ್ನು ಗೆದ್ದು ಸರಣಿಯನ್ನು ಸಮ ಮಾಡಿ, ಐದನೆಯದರಲ್ಲಿ ಸೋತರು. ಸೋತವರ ಕೈಯಲ್ಲಿಯೂ ಒಂದು ವಿದ್ಯೆಯಿತ್ತು ಎಂಬುದು ನೋಡುವವರಿಗೆ ಗೊತ್ತಾಗುತ್ತಿತ್ತು.

ಬೆಂಗಳೂರಿನ ಸೋಲಿನ ಕೋಪವನ್ನು ನಮ್ಮವರು ಪುಣೆಯ ನೆಲದ ಮೇಲೆ ತೀರಿಸಿಕೊಂಡರು. ಚೆಂಡು ಮೊದಲ ದಿನದಿಂದಲೇ ತಿರುಗುವ ಪಿಚ್ ಸಿದ್ಧವಾಯಿತು. ತಿರುಗಿತು, ನಿಜ. ಆದರೆ ಅಲ್ಲಿಯವರೆಗೆ ಟೆಸ್ಟ್‌ನಲ್ಲಿ ಒಮ್ಮೆಯೂ ಇನಿಂಗ್ಸ್‌ಗೆ ಐದು ವಿಕೆಟ್ ಪಡೆಯದಿದ್ದ ಮಿಚೆಲ್ ಸ್ಯಾಂಟ್ನರ್ ಅದೊಂದೇ ಪಂದ್ಯದಲ್ಲಿ 13 ವಿಕೆಟ್ ಕಿತ್ತರು. 2013ರಿಂದ ತವರಿನಲ್ಲಿ ಸತತ 18 ಸರಣಿ ಗೆದ್ದಿದ್ದ ತಂಡದ ಸರಪಳಿ ತುಂಡಾಯಿತು. ಮುಂಬೈನಲ್ಲಿ ಗೆಲ್ಲಲು ಬೇಕಿದ್ದದ್ದು 147. ನಾವು 5 ವಿಕೆಟ್‌ಗೆ 29 ಆದೆವು, 121ಕ್ಕೆ ಮುಗಿದೆವು. ಅಲ್ಲಿ 11 ವಿಕೆಟ್ ಪಡೆದ ಏಜಾಜ್ ಪಟೇಲ್ ಮುಂಬೈನಲ್ಲೇ ಹುಟ್ಟಿದವರು. ಮೂರು ಅಥವಾ ಅದಕ್ಕಿಂತ ಹೆಚ್ಚು ಪಂದ್ಯಗಳ ತವರು ಸರಣಿಯೊಂದರಲ್ಲಿ ಭಾರತ ಎಲ್ಲವನ್ನೂ ಸೋತದ್ದು ಅದೇ ಮೊದಲು.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿನ ವಿಚಿತ್ರವೆಂದರೆ ನೆಲವನ್ನು ಡೊಂಕು ಮಾಡಿಸಿದವರೂ ಕುಣಿಯಬೇಕಾದವರೇ. ನೆಲ ಅತಿಯಾಗಿ ಡೊಂಕಾದಾಗ ಕುಶಲನಿಗೂ ಸಾಧಾರಣನಿಗೂ ಅಂತರ ಉಳಿಯುವುದಿಲ್ಲ. ಒಳ್ಳೆಯ ಪಿಚ್ಚಿನಲ್ಲಿ ಅಶ್ವಿನ್‌ರಂಥ ಬೌಲರ್ ಬ್ಯಾಟ್ಸ್‌ಮನ್‌ನನ್ನು ಗಾಳಿಯಲ್ಲಿ ವಂಚಿಸಿ, ಮೂರು ಓವರ್ ಬಲೆ ಹೆಣೆದು ಹಿಡಿಯುತ್ತಾರೆ. ಎದುರಾಳಿಯ ಸಾಮಾನ್ಯ ಸ್ಪಿನ್ನರ್ ಅಲ್ಲಿ ಬರಿಗೈಯಲ್ಲಿ ಮರಳುತ್ತಾನೆ. ಕೆಟ್ಟ ಪಿಚ್ಚಿನಲ್ಲಿ ಒಂದೇ ಜಾಗಕ್ಕೆ ಚೆಂಡು ಹಾಕುತ್ತಿದ್ದರೆ ಸಾಕು, ಮಿಕ್ಕಿದ್ದನ್ನು ಮಣ್ಣೇ ಮಾಡುತ್ತದೆ. ಅಂದರೆ, ನಮ್ಮ ಹೆಚ್ಚುಗಾರಿಕೆಯನ್ನು ನಾವೇ ಅತಿಥಿಗೆ ಸಾಲ ಕೊಟ್ಟಂತಾಯಿತು.

ಈ ಪಾಠ ಹೊಸದೇನಲ್ಲ. 1987ರ ಮಾರ್ಚ್‌ನಲ್ಲಿ ಇದೇ ಬೆಂಗಳೂರಿನಲ್ಲಿ ಮಣಿಂದರ್ ಸಿಂಗ್ 27 ರನ್‌ಗೆ 7 ವಿಕೆಟ್ ಪಡೆದು ಪಾಕಿಸ್ತಾನವನ್ನು 116ಕ್ಕೆ ಉರುಳಿಸಿದಾಗ ಊರೇ ಕುಣಿದಿತ್ತು. ಪಂದ್ಯ ಮುಗಿದಾಗ ಇಕ್ಬಾಲ್ ಖಾಸಿಂ ಮತ್ತು ತೌಸೀಫ್ ಅಹ್ಮದ್ ತಲಾ ಒಂಬತ್ತು ವಿಕೆಟ್ ಪಡೆದಿದ್ದರು; ಸುನಿಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್‌ನಲ್ಲಿ 96 ರನ್ ಗಳಿಸಿಯೂ ಭಾರತ 16 ರನ್‌ಗಳಿಂದ ಸೋತಿತ್ತು. 2017ರಲ್ಲಿ ಪುಣೆಯಲ್ಲೇ ಆಸ್ಟ್ರೇಲಿಯದ ಸ್ಟೀವ್ ಓಕೀಫ್ 70 ರನ್‌ಗೆ 12 ವಿಕೆಟ್ ಪಡೆದರು; ನಾವು 105 ಮತ್ತು 107. ಮನೆಯವರೇ ತೋಡಿದ ಗುಂಡಿಗೆ ಮನೆಯವರೇ ಬೀಳುವುದಕ್ಕೆ ಇನ್ನೆಷ್ಟು ಉದಾಹರಣೆ ಬೇಕು?

ಒಂದು ಬೇಕಾಗಿತ್ತು ಎಂದು ಕಾಣುತ್ತದೆ. 2025ರ ನವೆಂಬರಿನಲ್ಲಿ ಕೋಲ್ಕತ್ತದಲ್ಲಿ ದಕ್ಷಿಣ ಆಫ್ರಿಕಾ ಎದುರು ಗೆಲ್ಲಲು ನಮಗೆ ಬೇಕಿದ್ದದ್ದು ಬರೀ 124. ಕುತ್ತಿಗೆ ನೋವಿನಿಂದ ನಾಯಕ ಶುಭಮನ್ ಗಿಲ್ ಬ್ಯಾಟಿಂಗ್‌ಗೇ ಬರಲಿಲ್ಲ, ಅದು ದುರದೃಷ್ಟ. ಆದರೆ ಉಳಿದವರು ಗಳಿಸಿದ್ದು 93. ಇಡೀ ಪಂದ್ಯದ ಏಕೈಕ ಅರ್ಧಶತಕ ಎದುರಾಳಿ ನಾಯಕ ತೆಂಬಾ ಬವುಮಾ ಅವರದು, ತಾಳ್ಮೆಯಿಂದ ಕಟ್ಟಿದ ಅಜೇಯ 55. ಮೂರನೇ ದಿನವೇ ಎಲ್ಲ ಮುಗಿದಿತ್ತು. ತಾವು ಬಯಸಿದ್ದ ಪಿಚ್ ಇದೇ, ಆಡಲಾಗದ್ದೇನೂ ಅದರಲ್ಲಿರಲಿಲ್ಲ ಎಂಬ ಅರ್ಥದಲ್ಲಿ ಮುಖ್ಯ ಕೋಚ್ ಗೌತಮ್ ಗಂಭೀರ್ ಮುಚ್ಚುಮರೆಯಿಲ್ಲದೆ ಹೇಳಿದರು. ಎಂಟು ವಿಕೆಟ್ ಪಡೆದ ಸೈಮನ್ ಹಾರ್ಮರ್ 2015ರಲ್ಲಿ ಭಾರತಕ್ಕೆ ಬಂದು ಹೋಗಿ, ಬಳಿಕ ತಮ್ಮ ದೇಶದ ತಂಡದಿಂದ ದೂರವಾಗಿ, ಇಂಗ್ಲೆಂಡಿನ ಎಸೆಕ್ಸ್ ಕೌಂಟಿಯಲ್ಲಿ ವರ್ಷಗಟ್ಟಲೆ ಬೌಲ್ ಮಾಡಿ ತನ್ನ ಕಸುಬನ್ನು ಹದಗೊಳಿಸಿಕೊಂಡ ಮನುಷ್ಯ. ಅವನ ಹತ್ತು ವರ್ಷಗಳ ತಪಸ್ಸಿಗೆ ನಮ್ಮ ಮಾಲಿಗಳು ವೇದಿಕೆ ಕಟ್ಟಿಕೊಟ್ಟರು.

ಇದೇ ತಂಡ ಅದೇ ವರ್ಷದ ಜುಲೈನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮಾಡಿದ್ದೇನು? ಎರಡನೇ ಇನಿಂಗ್ಸ್‌ನಲ್ಲಿ ಖಾತೆ ತೆರೆಯುವ ಮೊದಲೇ ಎರಡು ವಿಕೆಟ್ ಕಳೆದುಕೊಂಡು, ನಂತರ 143 ಓವರ್ ನಿಂತು ಪಂದ್ಯ ಉಳಿಸಿಕೊಂಡಿತು. ನಮ್ಮ ಕೆ.ಎಲ್. ರಾಹುಲ್ 90, ಗಿಲ್ 103, ಜಡೇಜ ಮತ್ತು ವಾಷಿಂಗ್ಟನ್ ಸುಂದರ್ ಅಜೇಯ ಶತಕ. ರೋಹಿತ್, ಕೊಹ್ಲಿ, ಅಶ್ವಿನ್ ಮೂವರೂ ನಿವೃತ್ತರಾಗಿದ್ದ ಹೊತ್ತಿನಲ್ಲಿ ಹೊಸ ಹುಡುಗರು ಇಂಗ್ಲೆಂಡಿನಲ್ಲಿ ಸರಣಿಯನ್ನು 2–2ರಲ್ಲಿ ಸಮ ಮಾಡಿಕೊಂಡು ಬಂದರು. ಗಿಲ್ ಒಬ್ಬರೇ 754 ರನ್ ಗಳಿಸಿದ್ದರು. ಪರರ ಅಂಗಳದಲ್ಲಿ ನಿಲ್ಲಬಲ್ಲವರು ಸ್ವಂತ ಮನೆಯಲ್ಲಿ ಮೂರು ದಿನ ನಿಲ್ಲಲಾರರು ಎಂದರೆ ಏನರ್ಥ? ನನಗೆ ತೋರುವುದು ಇಷ್ಟು: ತಂಡವನ್ನು ನಡೆಸುವವರಿಗೆ ತಮ್ಮ ಬ್ಯಾಟ್ಸ್‌ಮನ್‌ಗಳ ಮೇಲೆಯೇ ನಂಬಿಕೆಯಿಲ್ಲ. ವಿಶ್ವ ಟೆಸ್ಟ್ ಚಾಂಪಿಯನ್‌ಷಿಪ್‌ನ ಅಂಕಗಳ ಲೆಕ್ಕದಲ್ಲಿ ಡ್ರಾ ಎಂದರೆ ನಷ್ಟ. ಹಾಗಾಗಿ ತವರಿನಲ್ಲಿ ಐದು ದಿನದ ಆಟವನ್ನು ಮೂರು ದಿನಕ್ಕೆ ಇಳಿಸಿ, ಗೆಲುವನ್ನು ಕೈಗೆಟಕುವಂತೆ ಮಾಡಿಕೊಳ್ಳುವ ಆತುರ. ನಂಬಿಕೆಯಿಲ್ಲದ ಕಡೆ ಬೆಳೆದವರು ಎಷ್ಟು ದಿನ ಧೈರ್ಯದಿಂದ ಆಡಿಯಾರು?

ಅದಕ್ಕೆ ಉತ್ತರ ಗುವಾಹಟಿಯಲ್ಲಿ ಸಿಕ್ಕಿತು. ಅಲ್ಲಿ ನೆಲವೇನೂ ಡೊಂಕಿರಲಿಲ್ಲ. ದಕ್ಷಿಣ ಆಫ್ರಿಕಾ 489 ಗಳಿಸಿದ ಪಿಚ್ಚಿನಲ್ಲಿ ನಾವು 1 ವಿಕೆಟ್‌ಗೆ 95ರಿಂದ 7 ವಿಕೆಟ್‌ಗೆ 122ಕ್ಕೆ ಕುಸಿದೆವು. ತಂಡವನ್ನು ಕಾಪಾಡಬೇಕಿದ್ದ ಹಂಗಾಮಿ ನಾಯಕ ಪಂತ್ ವೇಗಿ ಯಾನ್ಸೆನ್ ಎದುರು ಮುನ್ನುಗ್ಗಿ ವಿಕೆಟ್ ಒಪ್ಪಿಸಿದರು. ಆ ಇನಿಂಗ್ಸ್‌ನಲ್ಲಿ ಅತಿ ಹೆಚ್ಚು ಚೆಂಡುಗಳನ್ನು ಎದುರಿಸಿದವರು ಯಾರು ಗೊತ್ತೆ? ಒಂಬತ್ತನೇ ಕ್ರಮಾಂಕದ ಕುಲದೀಪ್ ಯಾದವ್. 134 ಚೆಂಡು, 19 ರನ್. ಬೌಲರ್ ಒಬ್ಬ ತೋರಿದ ಸಂಯಮ ಬ್ಯಾಟಿಂಗ್ ಕಸುಬಿನವರಿಗೆ ಬರಲಿಲ್ಲ. ಕೊನೆಗೆ 408 ರನ್‌ಗಳ ಸೋಲು. ರನ್‌ಗಳ ಲೆಕ್ಕದಲ್ಲಿ ಭಾರತದ ಟೆಸ್ಟ್ ಇತಿಹಾಸದಲ್ಲೇ ಅತಿ ದೊಡ್ಡದು. 2000ದ ನಂತರ ದಕ್ಷಿಣ ಆಫ್ರಿಕಾ ಇಲ್ಲಿ ಗೆದ್ದ ಮೊದಲ ಸರಣಿ. ಡೊಂಕು ನೆಲದಲ್ಲಿ ಕುಣಿದು ಕುಣಿದು, ಸಮನಾದ ನೆಲ ಸಿಕ್ಕಾಗಲೂ ಹೆಜ್ಜೆ ಮರೆತುಹೋಗಿತ್ತು.

ಈ ಅವಧಿಯಲ್ಲಿ ಗೆಲುವುಗಳೇ ಇಲ್ಲವೆಂದಲ್ಲ. 2024ರ ಜೂನ್‌ನಲ್ಲಿ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಬಂತು, 2025ರ ಮಾರ್ಚ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಬಂತು. ದ್ರಾವಿಡ್ ಕೊನೆಗೂ ಕಪ್ ಎತ್ತಿ ಚೀರಿದ್ದನ್ನು ನೋಡಿ ನಾನೂ ಕಣ್ಣೊರೆಸಿಕೊಂಡವನೇ. ಆದರೆ ಆ ಕಪ್‌ಗಳನ್ನು ತೋರಿಸಿ ಈ ಸೋಲುಗಳನ್ನು ಮರೆಸುವುದು, ಗಣಿತದಲ್ಲಿ ಫೇಲಾದ ಹುಡುಗ ಡ್ರಾಯಿಂಗ್ ಅಂಕ ತೋರಿಸಿದಂತೆ.

ಬಿಸಿಸಿಐ ಏನೂ ಮಾಡಿಲ್ಲವೆಂದು ಹೇಳಲಾಗದು. 2024ರ ಮಾರ್ಚ್‌ನಲ್ಲಿ ಟೆಸ್ಟ್ ಆಡುವವರಿಗೆ ಪ್ರೋತ್ಸಾಹಧನ ಪ್ರಕಟಿಸಿತು. ಒಂದು ಋತುವಿನ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಟೆಸ್ಟ್ ಆಡುವವರಿಗೆ 15 ಲಕ್ಷ ರೂಪಾಯಿ ಶುಲ್ಕದ ಮೇಲೆ ಪಂದ್ಯವೊಂದಕ್ಕೆ 45 ಲಕ್ಷ. ಆದರೆ ಅದೇ ನವೆಂಬರಿನಲ್ಲಿ, ಪರ್ತ್‌ನಲ್ಲಿ ಭಾರತ ಟೆಸ್ಟ್ ಆಡುತ್ತಿದ್ದ ದಿನಗಳಲ್ಲೇ ಜಿದ್ದಾದಲ್ಲಿ ಐಪಿಎಲ್ ಹರಾಜು ನಡೆದು, ತಂಡದಲ್ಲಿದ್ದ ಪಂತ್ 27 ಕೋಟಿಗೆ ಬಿಕರಿಯಾದರು. ಹತ್ತು ಚೆಂಡುಗಳಲ್ಲಿ ಇಪ್ಪತ್ತೈದು ಹೊಡೆಯುವುದಕ್ಕೆ ಕೋಟಿಗಳ ಬೆಲೆ, ಇಡೀ ದಿನ ವಿಕೆಟ್ ಕಾಯುವ ರಣಜಿ ಆಟಗಾರನಿಗೆ ದಿನಕ್ಕೆ ಸಾವಿರಗಳ ಲೆಕ್ಕ. ಹದಿನಾಲ್ಕರ ಹುಡುಗನೊಬ್ಬ ಯಾವ ವಿದ್ಯೆ ಕಲಿಯಬೇಕೆಂದು ಅಪ್ಪ ಅಮ್ಮ ನಿರ್ಧರಿಸುವುದು ಇದನ್ನು ನೋಡಿಯೇ ಅಲ್ಲವೆ? ಬ್ರಿಸ್ಬೇನ್‌ನಲ್ಲಿ 2021ರ ಜನವರಿಯ ಟೆಸ್ಟ್‌ನ ಕೊನೆಯ ದಿನ ಮೈಗೆಲ್ಲ ಚೆಂಡಿನ ಪೆಟ್ಟು ತಿಂದು 211 ಎಸೆತಗಳಲ್ಲಿ 56 ಗಳಿಸಿದ ಚೇತೇಶ್ವರ ಪೂಜಾರರನ್ನು 2023ರಲ್ಲಿ ಕೈಬಿಟ್ಟರು. ಆ ಮೂರನೇ ಕ್ರಮಾಂಕಕ್ಕೆ ಆಮೇಲೆ ಒಬ್ಬರಾದ ಮೇಲೆ ಒಬ್ಬರು ಬಂದು ಹೋದರು. ಕೋಲ್ಕತ್ತದಲ್ಲಿ ಸ್ಪಿನ್ ಆಲ್‌ರೌಂಡರ್ ಸುಂದರ್ ಅಲ್ಲಿ ಆಡಿದರು.

ನಮ್ಮ ಕರುಣ್ ನಾಯರ್ ಕಥೆಯನ್ನು ಹೇಳದೆ ಮುಂದೆ ಹೋಗಲಾರೆ. 2016ರಲ್ಲಿ ಚೆನ್ನೈನಲ್ಲಿ ಅಜೇಯ 303. ಮರು ವರ್ಷದ ಮಾರ್ಚ್ ನಂತರ ತಂಡದಲ್ಲಿಲ್ಲ. ಕರ್ನಾಟಕ ತಂಡದಲ್ಲೂ ಜಾಗ ಸಿಗದೆ ವಿದರ್ಭಕ್ಕೆ ಹೋಗಿ, ಅಲ್ಲಿ ರಣಜಿ ಫೈನಲ್‌ನಲ್ಲಿ ಶತಕ ಹೊಡೆದು, ಎಂಟು ವರ್ಷಗಳ ನಂತರ ಇಂಗ್ಲೆಂಡಿನಲ್ಲಿ ಮರಳಿ ಅವಕಾಶ ಪಡೆದರು. ಅಲ್ಲಿ ಹೇಳಿಕೊಳ್ಳುವಂತೆ ಆಡಲಿಲ್ಲ, ಒಂದೇ ಅರ್ಧಶತಕ. ಸ್ಪಿನ್ ಆಡಬಲ್ಲ ಅವರನ್ನು ತವರಿನ ಸರಣಿ ಬರುತ್ತಲೇ ಹೊರಗಿಟ್ಟರು. ವೇಗಕ್ಕೆ ತಡವರಿಸಿದವನಿಗೆ ಸ್ಪಿನ್ ಪರೀಕ್ಷೆಯ ಪ್ರವೇಶಪತ್ರವನ್ನೇ ಕೊಡದ ಈ ತರ್ಕ ನನ್ನ ಬುದ್ಧಿಗೆ ನಿಲುಕುತ್ತಿಲ್ಲ.

ಇದರಲ್ಲಿ ನಮ್ಮ ಪಾಲೂ ಇದೆ ಎಂಬುದನ್ನು ಸಂಕೋಚದಿಂದಲೇ ಒಪ್ಪಬೇಕು. ಆಸ್ಟ್ರೇಲಿಯದಲ್ಲಿ 3–1ರಿಂದ ಸೋತು ಬಂದ ಬಳಿಕ, 2025ರ ಜನವರಿ ಕೊನೆಯಲ್ಲಿ ತಾರೆಯರೆಲ್ಲ ರಣಜಿ ಆಡಲೇಬೇಕಾಯಿತು. ದೆಹಲಿಯಲ್ಲಿ ಕೊಹ್ಲಿಯನ್ನು ನೋಡಲು ಸಾವಿರಾರು ಜನ ಮುಗಿಬಿದ್ದರು. ಅವರು 6 ರನ್‌ಗೆ ಔಟಾದೊಡನೆ ಆಸನಗಳು ಬರಿದಾದವು. ಅದೇ ಹೊತ್ತಿಗೆ ಚಿನ್ನಸ್ವಾಮಿಯಲ್ಲಿ ಕರ್ನಾಟಕ ಹರಿಯಾಣದ ವಿರುದ್ಧ ಆಡುತ್ತಿತ್ತು, ರಾಹುಲ್ ಕೂಡ ಇದ್ದರು. ತಂದೆಯನ್ನು ಕರೆದುಕೊಂಡು ಹೋಗಿದ್ದೆ. ನಮ್ಮ ಸುತ್ತ ಖಾಲಿ ಕುರ್ಚಿಗಳೇ ಹೆಚ್ಚು. ಮಧ್ಯಾಹ್ನ ಬಿಸಿಲು ಏರಿದಾಗ, ನಿಜ ಹೇಳುತ್ತೇನೆ, ನಾನೂ ಮೊಬೈಲ್ ತೆಗೆದು ಬೇರೇನನ್ನೋ ನೋಡುತ್ತಿದ್ದೆ. ತಂದೆ ಮಾತ್ರ ಬರೆಯುತ್ತಲೇ ಇದ್ದರು.

ಗುವಾಹಟಿಯ ಕೊನೆಯ ದಿನ ಅವರು ಟಿ.ವಿ. ಮುಂದೆ ಕುಳಿತು 140 ಎಂದು ಬರೆದು, ಅಡಿಗೆರೆ ಎಳೆದು, ಪುಟ ತಿರುವಿದರು. "ಮುಂದಿನ ಟೆಸ್ಟ್ ಯಾವಾಗ?" ಎಂದರು. ಇನ್ನೂ ಎಷ್ಟೋ ತಿಂಗಳುಗಳಿವೆ ಎಂದೆ. ಅವರು ಖಾಲಿ ಪುಟದ ಮೇಲೆ ಸ್ಕೇಲ್ ಇಟ್ಟು ಗೆರೆ ಹಾಕತೊಡಗಿದರು.