ಹೆಂಡರ್ಸನ್: ಒಣ ಕಣಿವೆಯ ಒಂದು ಉಪನಗರ

ನಗರಗಳ ಬೆಳವಣಿಗೆಯನ್ನು ಅಭ್ಯಸಿಸುವವರು ಮೊದಲು ಕೇಳುವ ಪ್ರಶ್ನೆ, ಆ ನಗರವು ಅಲ್ಲಿಯೇ ಏಕೆ ಹುಟ್ಟಿತು ಎಂಬುದು. ನದೀತೀರ, ಬಂದರು, ಘಟ್ಟದ ಬಾಯಿ, ಫಲವತ್ತಾದ ಬಯಲು, ಇವುಗಳಲ್ಲಿ ಯಾವುದಾದರೊಂದು ಸಾಮಾನ್ಯವಾಗಿ ಉತ್ತರವಾಗಿ ದೊರೆಯುತ್ತದೆ. ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಒಂದಾದ ನೆವಾಡದ ಹೆಂಡರ್ಸನ್ ನಗರಕ್ಕೆ ಇವು ಯಾವುವೂ ಅನ್ವಯಿಸುವುದಿಲ್ಲ. ೧೯೪೦ರಲ್ಲಿ ಆ ಹೆಸರಿನ ಊರೇ ಇರಲಿಲ್ಲ. ೧೯೫೦ರ ಜನಗಣತಿಯಲ್ಲಿ ಅಲ್ಲಿದ್ದವರು ೩,೬೪೩ ಮಂದಿ. ೨೦೨೦ರ ಜನಗಣತಿಯಲ್ಲಿ ೩,೧೭,೬೧೦ ಮಂದಿ. ಈ ಗಣತಿಯ ಪ್ರಕಾರ ಅದು ಜನಸಂಖ್ಯೆಯಲ್ಲಿ ಲಾಸ್ ವೇಗಸ್ ನಗರವೊಂದನ್ನುಳಿದು ಆ ಸಂಸ್ಥಾನದ ಎಲ್ಲ ನಗರಗಳಿಗಿಂತಲೂ ದೊಡ್ಡದು.

ವರ್ಷಕ್ಕೆ ಸುಮಾರು ನಾಲ್ಕು ಅಂಗುಲ ಮಳೆ ಬೀಳುವ ಪ್ರದೇಶದಲ್ಲಿ ಇಂತಹ ಬೆಳವಣಿಗೆ ಹೇಗೆ ಸಾಧ್ಯವಾಯಿತು, ಅದರ ಮಿತಿ ಯಾವುದು ಎಂಬುದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ. ಒಣ ನಾಡಿನ ನಗರಕ್ಕೆ ಎಷ್ಟು ನೀರು ಬರುತ್ತದೆ ಎಂದು ಕೇಳುವುದು ವಾಡಿಕೆ. ಹೆಂಡರ್ಸನ್ನಿನ ವಿಷಯದಲ್ಲಿ ಅದಕ್ಕಿಂತ ಮುಖ್ಯವಾದ ಪ್ರಶ್ನೆ, ಬಂದ ನೀರಿನಲ್ಲಿ ಎಷ್ಟು ಹಿಂದಿರುಗುತ್ತದೆ ಮತ್ತು ಯಾವ ಸ್ಥಿತಿಯಲ್ಲಿ ಹಿಂದಿರುಗುತ್ತದೆ ಎಂಬುದೇ ಆಗಿದೆ.

೧. ನಿವೇಶನ ಮತ್ತು ವಾಯುಗುಣ

ಲಾಸ್ ವೇಗಸ್ ಕಣಿವೆಯು ಮೊಹಾವಿ ಮರುಭೂಮಿಯ ಒಂದು ಬೋಗುಣಿ. ಅದರ ಪಶ್ಚಿಮಕ್ಕೆ ಸ್ಪ್ರಿಂಗ್ ಪರ್ವತಗಳೂ ದಕ್ಷಿಣಕ್ಕೆ ಮೆಕಲಾ ಶ್ರೇಣಿಯೂ ಪೂರ್ವಕ್ಕೆ ರಿವರ್ ಪರ್ವತಗಳೂ ಇವೆ. ಹೆಂಡರ್ಸನ್ ಈ ಕಣಿವೆಯ ಆಗ್ನೇಯ ಮೂಲೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು ೧,೮೦೦ ಅಡಿಗಳಿಗೂ ಮೇಲ್ಪಟ್ಟ ಇಳುಕಲಿನಲ್ಲಿ ಹರಡಿಕೊಂಡಿದೆ. ಪೆಸಿಫಿಕ್ ಸಾಗರದಿಂದ ಬರುವ ತೇವಯುತ ಮಾರುತಗಳನ್ನು ಕ್ಯಾಲಿಫೋರ್ನಿಯದ ಸಿಯೆರಾ ನೆವಾಡ ಪರ್ವತಗಳು ತಡೆಯುವುದರಿಂದ ಈ ಪ್ರದೇಶವು ಮಳೆಯ ನೆರಳಿನಲ್ಲಿ ಬಿದ್ದಿದೆ. ಬೇಸಗೆಯ ಉಷ್ಣತೆ ೧೦೦ ಡಿಗ್ರಿ ಫ್ಯಾರನ್‌ಹೀಟನ್ನು ಮೀರುವುದು ಸಾಮಾನ್ಯ. ೨೦೨೪ರ ಜುಲೈ ೭ರಂದು ಲಾಸ್ ವೇಗಸ್ಸಿನಲ್ಲಿ ೧೨೦ ಡಿಗ್ರಿ ದಾಖಲಾಯಿತು.

ಸ್ಪ್ಯಾನಿಷ್ ಭಾಷೆಯಲ್ಲಿ ಲಾಸ್ ವೇಗಸ್ ಎಂದರೆ ಹುಲ್ಲುಗಾವಲುಗಳು. ಪಶ್ಚಿಮದ ಪರ್ವತಗಳ ಮೇಲೆ ಬಿದ್ದ ಹಿಮವು ಕರಗಿ, ನೆಲದೊಳಗೆ ಇಳಿದು, ಕಣಿವೆಯ ನಡುವೆ ಬುಗ್ಗೆಗಳಾಗಿ ಉಕ್ಕುತ್ತಿದ್ದುದೇ ಆ ಹೆಸರಿಗೆ ಕಾರಣ. ಕಣಿವೆಯ ನೀರೆಲ್ಲ ಪೂರ್ವಕ್ಕೆ ಇಳಿದು ಲಾಸ್ ವೇಗಸ್ ಹಳ್ಳದ ಮೂಲಕ ಕೊಲರಾಡೊ ನದಿಯನ್ನು ಸೇರುತ್ತದೆ. ನಗರಗಳು ಬೆಳೆಯುವುದಕ್ಕೆ ಮುಂಚೆ ಈ ಹಳ್ಳದ ಕೆಳಭಾಗವು ಬಿರುಮಳೆ ಬಂದಾಗ ಮಾತ್ರ ಹರಿದು ಉಳಿದ ಕಾಲದಲ್ಲಿ ಒಣಗಿರುತ್ತಿತ್ತು. ಹೆಂಡರ್ಸನ್ನಿನ ಕಥೆಯಲ್ಲಿ ಈ ಹಳ್ಳಕ್ಕೆ ಪ್ರಮುಖ ಸ್ಥಾನವಿದೆ.

೨. ಉಗಮ

೧೯೩೧ರಲ್ಲಿ ಆರಂಭವಾಗಿ ೧೯೩೫ರಲ್ಲಿ ಉದ್ಘಾಟನೆಗೊಂಡ ಹೂವರ್ ಅಣೆಕಟ್ಟು ಕೊಲರಾಡೊ ನದಿಗೆ ಅಡ್ಡಲಾಗಿ ೭೨೬ ಅಡಿ ಎತ್ತರ ನಿಂತಿದೆ. ಅದರ ಹಿಂದೆ ಮೀಡ್ ಸರೋವರವು ಉಂಟಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನದ ಭಾಗಗಳಿಗೂ ಬೆಂಕಿಬಾಂಬುಗಳಿಗೂ ಮೆಗ್ನೀಸಿಯಮ್ ಲೋಹವು ಹೇರಳವಾಗಿ ಬೇಕಾಯಿತು. ಅದನ್ನು ತಯಾರಿಸಲು ಅಪಾರ ವಿದ್ಯುಚ್ಛಕ್ತಿಯೂ ನೀರೂ ಅಗತ್ಯ. ಎರಡೂ ಸಮೀಪದಲ್ಲಿದ್ದು, ಸಮುದ್ರತೀರದಿಂದ ಒಳಗೆ ಸುರಕ್ಷಿತವಾಗಿದ್ದ ಈ ಮರಳುಗಾಡನ್ನು ೧೯೪೧ರಲ್ಲಿ ಬೇಸಿಕ್ ಮೆಗ್ನೀಸಿಯಮ್ ಕಾರ್ಖಾನೆಗಾಗಿ ಆರಿಸಲಾಯಿತು. ಅದಿರು ಬಂದುದು ನೆವಾಡದಲ್ಲಿಯೇ ಇರುವ ಗ್ಯಾಬ್ಸ್ ಎಂಬಲ್ಲಿಂದ.

ಕಾರ್ಖಾನೆಯ ಜೊತೆಗೆ ಕೆಲಸಗಾರರ ವಸತಿಯೂ ಎದ್ದಿತು. ಅಂದಿನ ವರ್ಣಭೇದವು ಈ ವಸತಿಯ ನಕ್ಷೆಯಲ್ಲಿಯೇ ಮೂಡಿದೆ. ಬಿಳಿಯರಿಗೆ ವಿಕ್ಟರಿ ವಿಲೇಜ್, ಕರಿಯರಿಗೆ ಪ್ರತ್ಯೇಕವಾಗಿ ಕಾರ್ವರ್ ಪಾರ್ಕ್. ಎರಡನೆಯದರ ವಿನ್ಯಾಸ ಮಾಡಿದವರು ಹೆಸರಾಂತ ಕರಿಯ ವಾಸ್ತುಶಿಲ್ಪಿ ಪಾಲ್ ರೆವೀರ್ ವಿಲಿಯಮ್ಸ್. ೧೯೪೪ರಲ್ಲಿ ಊರಿಗೆ ಮಾಜಿ ಸೆನೆಟ್ ಸದಸ್ಯ ಚಾರ್ಲ್ಸ್ ಹೆಂಡರ್ಸನ್ನರ ಹೆಸರನ್ನು ಇಡಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಮೆಗ್ನೀಸಿಯಮ್ ಉತ್ಪಾದನೆ ನಿಂತುಹೋಯಿತು. ಹೆಸರು ಬಂದ ವರ್ಷವೇ ಊರಿನ ಉದ್ಯೋಗವು ಕಣ್ಮರೆಯಾಯಿತು.

ಯುದ್ಧಾನಂತರ ಕೇಂದ್ರ ಸರ್ಕಾರವು ಈ ಊರನ್ನು ಕಾರ್ಖಾನೆಯೊಡನೆ ಯುದ್ಧದ ಮಿಗತೆ ಸಾಮಗ್ರಿಯೆಂದು ಮಾರಾಟಕ್ಕೆ ಇಟ್ಟಿತು. ನೆವಾಡ ಸಂಸ್ಥಾನವು ತನ್ನ ಕೊಲರಾಡೊ ನದಿ ಆಯೋಗದ ಮೂಲಕ ಅದನ್ನು ಕೊಂಡದ್ದರಿಂದ ಊರು ಉಳಿಯಿತು. ಮೆಗ್ನೀಸಿಯಮ್ ತಯಾರಿಕೆಗಾಗಿ ಉಪ್ಪಿನಿಂದ ಕ್ಲೋರಿನ್ ತೆಗೆಯುವ ಘಟಕಗಳು ಅಲ್ಲಿ ಮೊದಲೇ ಇದ್ದುವು. ವಿದ್ಯುತ್ತೂ ಸುಲಭ ಬೆಲೆಗೆ ದೊರೆಯುತ್ತಿತ್ತು. ಆದುದರಿಂದ ಕ್ಲೋರಿನ್, ದಾಹಕ ಸೋಡಾ, ಟೈಟೇನಿಯಮ್, ಪರ್ಕ್ಲೋರೇಟ್ ಮುಂತಾದುವನ್ನು ತಯಾರಿಸುವ ಸಂಸ್ಥೆಗಳು ಬಂದು ನೆಲಸಿದುವು. ೧೯೫೩ರ ಏಪ್ರಿಲಿನಲ್ಲಿ ಹೆಂಡರ್ಸನ್ ನಗರವಾಗಿ ವಿಧಿವತ್ತಾಗಿ ಸ್ಥಾಪಿತವಾಯಿತು.

೩. ಕಾರ್ಖಾನೆಯ ಊರು ಉಪನಗರವಾದುದು

ಮುಂದಿನ ಜನಗಣತಿಗಳ ಅಂಕಿಗಳು ಹೀಗಿವೆ: ೧೯೬೦ರಲ್ಲಿ ೧೨,೫೨೫, ೧೯೭೦ರಲ್ಲಿ ೧೬,೩೯೫, ೧೯೮೦ರಲ್ಲಿ ೨೪,೩೬೩, ೧೯೯೦ರಲ್ಲಿ ೬೪,೯೪೨, ೨೦೦೦ದಲ್ಲಿ ೧,೭೫,೩೮೧, ೨೦೧೦ರಲ್ಲಿ ೨,೫೭,೭೨೯. ೧೯೮೦ರವರೆಗಿನದು ಕೈಗಾರಿಕೆಯ ಊರೊಂದರ ಸಾಧಾರಣ ಬೆಳವಣಿಗೆ. ಅನಂತರದ ಇಪ್ಪತ್ತು ವರ್ಷಗಳಲ್ಲಿ ಜನಸಂಖ್ಯೆಯು ಏಳು ಪಟ್ಟಾಯಿತು. ಈ ಎರಡನೆಯ ಘಟ್ಟದ ಕಾರಣವನ್ನು ಕಾರ್ಖಾನೆಗಳಲ್ಲಿ ಹುಡುಕಬಾರದು.

ಲಾಸ್ ವೇಗಸ್ಸಿನ ಹೋಟೆಲುಗಳೂ ಜೂಜುಗಾರಿಕೆಯ ಉದ್ಯಮವೂ ಬೆಳೆದಂತೆ ಅಲ್ಲಿ ದುಡಿಯುವವರಿಗೂ, ಕ್ಯಾಲಿಫೋರ್ನಿಯದಿಂದ ಬರುವ ನಿವೃತ್ತರಿಗೂ ವಸತಿ ಬೇಕಾಯಿತು. ಲಾಸ್ ವೇಗಸ್ ಸನ್ ಪತ್ರಿಕೆಯ ಒಡೆಯ ಹ್ಯಾಂಕ್ ಗ್ರೀನ್‌ಸ್ಪನ್ನರ ಸಂಸ್ಥೆಯು ೧೯೭೦ರ ದಶಕದಲ್ಲಿ ಹೆಂಡರ್ಸನ್ನಿನ ಪಶ್ಚಿಮಕ್ಕೆ ಸಾವಿರಾರು ಎಕರೆಗಳ ಒಂದು ಬಡಾವಣೆಯನ್ನು ಯೋಜಿಸಿತು. ಅದರ ಹೆಸರು ಗ್ರೀನ್ ವ್ಯಾಲಿ, ಎಂದರೆ ಹಸಿರು ಕಣಿವೆ. ಹುಲ್ಲುಹಾಸು, ಮರಗಳ ಸಾಲು, ಶಾಲೆ, ಅಂಗಡಿ, ಉದ್ಯಾನ ಎಲ್ಲವನ್ನೂ ಮೊದಲೇ ನಕ್ಷೆಯಲ್ಲಿ ನಿರ್ಣಯಿಸಿ ಕಟ್ಟುವ ಈ ಮಾದರಿಯನ್ನು ಅನಂತರ ಬಂದ ಹಲವು ಬಡಾವಣೆಗಳು ಅನುಸರಿಸಿದುವು. ಕಣಿವೆಯ ಸುತ್ತಣ ಭೂಮಿಯಲ್ಲಿ ಬಹುಭಾಗವು ಕೇಂದ್ರ ಸರ್ಕಾರದ್ದು. ಅದನ್ನು ಹರಾಜಿನ ಮೂಲಕ ಮಾರಲು ಅವಕಾಶವಿತ್ತ ೧೯೯೮ರ ಶಾಸನವು ವಿಸ್ತರಣೆಗೆ ಮತ್ತಷ್ಟು ನೆರವಾಯಿತು. ಹೀಗೆ ಹೊರನಾಡಿನ ಹಸಿರನ್ನು ಮರುಭೂಮಿಗೆ ತಂದು ನೆಟ್ಟುದರ ಪರಿಣಾಮವು ನೀರಿನ ಲೆಕ್ಕದಲ್ಲಿ ತೋರಿಬಂದಿತು.

೪. ನೀರಿನ ಲೆಕ್ಕ

೧೯೨೨ರ ಕೊಲರಾಡೊ ನದಿ ಒಪ್ಪಂದವು ಮೇಲಿನ ಪಾತ್ರಕ್ಕೂ ಕೆಳಗಿನ ಪಾತ್ರಕ್ಕೂ ತಲಾ ೭೫ ಲಕ್ಷ ಎಕರೆ-ಅಡಿ ನೀರನ್ನು ಹಂಚಿತು. ಕೆಳಪಾತ್ರದ ಪಾಲಿನಲ್ಲಿ, ೧೯೨೮ರ ಶಾಸನದ ಮೇರೆಗೆ, ಕ್ಯಾಲಿಫೋರ್ನಿಯಕ್ಕೆ ೪೪ ಲಕ್ಷ, ಆರಿಜೋನಕ್ಕೆ ೨೮ ಲಕ್ಷ, ನೆವಾಡಕ್ಕೆ ಕೇವಲ ೩ ಲಕ್ಷ ಎಕರೆ-ಅಡಿ. ನಮಗೆ ಪರಿಚಿತವಾದ ಮಾನದಲ್ಲಿ ಹೇಳುವುದಾದರೆ ಇದು ಸುಮಾರು ೧೩ ಟಿ.ಎಂ.ಸಿ. ಕನ್ನಂಬಾಡಿಯ ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ ಸುಮಾರು ೪೯ ಟಿ.ಎಂ.ಸಿ. ಆಗಿರುವುದರಿಂದ, ನೆವಾಡದ ಇಡೀ ವರ್ಷದ ಪಾಲು ಅದರ ಕಾಲುಭಾಗಕ್ಕಿಂತ ಸ್ವಲ್ಪವೇ ಹೆಚ್ಚು. ಹಂಚಿಕೆಯ ಕಾಲದಲ್ಲಿ ದಕ್ಷಿಣ ನೆವಾಡದಲ್ಲಿ ಜನವೂ ವ್ಯವಸಾಯವೂ ಅತ್ಯಲ್ಪವಾಗಿದ್ದುದೇ ಪಾಲಿನ ಅಲ್ಪತೆಗೆ ಕಾರಣ.

ಈ ೩ ಲಕ್ಷವು ಸರೋವರದಿಂದ ಎತ್ತುವ ನೀರಿನ ಮಿತಿಯಲ್ಲವೆಂಬುದನ್ನು ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ೧೯೬೪ರ ಸರ್ವೋಚ್ಚ ನ್ಯಾಯಾಲಯದ ಡಿಕ್ರಿಯಂತೆ, ಎತ್ತಿದ ನೀರಿನಿಂದ ನದಿಗೆ ಹಿಂದಿರುಗಿದ ನೀರನ್ನು ಕಳೆದು ಉಳಿದುದೇ ಸಂಸ್ಥಾನದ ವ್ಯಯ. ನೂರು ಕೊಡ ನೀರನ್ನು ಎತ್ತಿ, ನಲವತ್ತು ಕೊಡವನ್ನು ಹಿಂದಕ್ಕೆ ಹರಿಸಿದರೆ, ಖಾತೆಗೆ ಬರೆಯುವುದು ಅರವತ್ತನ್ನು ಮಾತ್ರ. ನಗರವು ಸರೋವರಕ್ಕಿಂತ ಎತ್ತರದಲ್ಲಿದೆ. ಆದುದರಿಂದ ನೀರನ್ನು ನೂರಾರು ಅಡಿ ಮೇಲಕ್ಕೆ ಪಂಪು ಮಾಡಬೇಕು. ಬಳಸಿದ ನೀರು ಶುದ್ಧೀಕರಣದ ಬಳಿಕ ಇಳುಕಲನ್ನು ಹಿಡಿದು ಲಾಸ್ ವೇಗಸ್ ಹಳ್ಳದ ಮೂಲಕ ತಾನಾಗಿಯೇ ಸರೋವರವನ್ನು ಸೇರುತ್ತದೆ. ಹಿಂದೆ ಒಣಗಿರುತ್ತಿದ್ದ ಹಳ್ಳವು ಈಗ ವರ್ಷಪೂರ್ತಿ ಹರಿಯುವುದಕ್ಕೆ ಇದೇ ಕಾರಣ.

ಇದರಿಂದ ಎರಡು ವಿಚಾರಾರ್ಹ ಪರಿಣಾಮಗಳು ಉಂಟಾಗುತ್ತವೆ. ಮೊದಲನೆಯದಾಗಿ, ಮನೆಯೊಳಗೆ ಬಳಸಿದ ನೀರು ನಷ್ಟವಲ್ಲ. ಸ್ನಾನದ ನೀರೂ ಪಾತ್ರೆ ತೊಳೆದ ನೀರೂ ಚರಂಡಿಯನ್ನು ಸೇರಿ ಬಹುತೇಕ ಪೂರ್ಣವಾಗಿ ಹಿಂದಿರುಗುತ್ತವೆ. ಹುಲ್ಲುಹಾಸಿಗೆ ಎರೆದ ನೀರು, ಆವಿಯ ಮೂಲಕ ಕಟ್ಟಡಗಳನ್ನು ತಂಪುಮಾಡುವ ಯಂತ್ರಗಳ ನೀರು, ಗಾಲ್ಫ್ ಬಯಲಿನ ನೀರು, ಇವು ಗಾಳಿಗೆ ಸೇರಿ ಖಾತೆಯಿಂದ ಶಾಶ್ವತವಾಗಿ ಹೋಗುತ್ತವೆ. ಎರಡನೆಯದಾಗಿ, ಶುದ್ಧೀಕರಿಸಿದ ಕೊಳಚೆ ನೀರನ್ನು ಊರಿನಲ್ಲಿಯೇ ಗಾಲ್ಫ್ ಬಯಲಿಗೆ ಬಳಸಿದರೆ ಪಂಪಿನ ವೆಚ್ಚ ಉಳಿಯಬಹುದಾದರೂ ಒಟ್ಟು ನೀರು ಹೆಚ್ಚುವುದಿಲ್ಲ. ಏಕೆಂದರೆ ಅಷ್ಟು ನೀರು ಸರೋವರಕ್ಕೆ ಹಿಂದಿರುಗುವುದು ತಪ್ಪುತ್ತದೆ. ಬೇರೆ ಊರುಗಳಲ್ಲಿ ಉಳಿತಾಯವೆನಿಸುವ ಕ್ರಮವು ಇಲ್ಲಿ ಹಾಗೆನಿಸದೆ ಇರುವುದು ನಿವೇಶನದ ವೈಶಿಷ್ಟ್ಯ.

೧೯೯೧ರಲ್ಲಿ ಹೆಂಡರ್ಸನ್ ಮತ್ತು ನೆರೆಯ ನಗರಗಳು ಕೂಡಿ ದಕ್ಷಿಣ ನೆವಾಡ ಜಲ ಪ್ರಾಧಿಕಾರವನ್ನು ಸ್ಥಾಪಿಸಿದುವು. ೨೦೦೨ರಲ್ಲಿ ನಿವ್ವಳ ವ್ಯಯವು ೩ ಲಕ್ಷ ಎಕರೆ-ಅಡಿಯನ್ನು ಮೀರಿತು. ಅಂದಿನಿಂದ ಹುಲ್ಲುಹಾಸನ್ನು ಕಿತ್ತು ಮರುಭೂಮಿಯ ಗಿಡಗಳನ್ನು ನೆಡುವವರಿಗೆ ಹಣದ ನೆರವನ್ನು ಹೆಚ್ಚಿಸಲಾಯಿತು. ಹೀಗೆ ಬದಲಾಯಿಸಿದ ಪ್ರತಿ ಚದರಡಿಗೆ ವರ್ಷಕ್ಕೆ ೫೫ ಗ್ಯಾಲನ್ ನೀರು ಉಳಿಯುವುದೆಂದು ಪ್ರಾಧಿಕಾರದ ಅಂದಾಜು. ಜನಸಂಖ್ಯೆ ಲಕ್ಷಗಟ್ಟಲೆ ಹೆಚ್ಚಿದರೂ ೨೦೨೩ರ ನಿವ್ವಳ ವ್ಯಯವು ೨ ಲಕ್ಷ ಎಕರೆ-ಅಡಿಗಿಂತ ಕಡಿಮೆಯಾಗಿತ್ತು. ರಸ್ತೆಯ ನಡುವೆ, ಕಚೇರಿಗಳ ಮುಂದೆ ಕೇವಲ ಅಲಂಕಾರಕ್ಕಾಗಿ ಬೆಳೆಸಿದ ಹುಲ್ಲಿಗೆ ೨೦೨೭ರ ಆರಂಭದಿಂದ ಕೊಲರಾಡೊ ನೀರನ್ನು ಎರೆಯಕೂಡದೆಂದು ೨೦೨೧ರಲ್ಲಿ ನೆವಾಡವು ಶಾಸನ ಮಾಡಿತು.

೫. ಹಳ್ಳದ ಹೊರೆ

ನೀರನ್ನು ಹಿಂದಿರುಗಿಸುವ ಹಳ್ಳವು ನಗರದ ಹಳೆಯ ಕೈಗಾರಿಕೆಗಳ ಮಗ್ಗುಲಿನಲ್ಲಿಯೇ ಹರಿಯುತ್ತದೆ. ಅಮೋನಿಯಮ್ ಪರ್ಕ್ಲೋರೇಟ್ ಎಂಬ ಲವಣವು ರಾಕೆಟ್ಟುಗಳ ಘನ ಇಂಧನಕ್ಕೆ ಆಮ್ಲಜನಕವನ್ನು ಒದಗಿಸುತ್ತದೆ. ಒಂದು ಕಾಲದಲ್ಲಿ ಇಡೀ ದೇಶಕ್ಕೆ ಅದನ್ನು ಒದಗಿಸುತ್ತಿದ್ದ ಎರಡು ಕಾರ್ಖಾನೆಗಳೂ ಹೆಂಡರ್ಸನ್ನಿನಲ್ಲಿಯೇ ಇದ್ದುವು. ೧೯೮೬ರ ಚಾಲೆಂಜರ್ ದುರಂತದ ಬಳಿಕ ಬಾಹ್ಯಾಕಾಶ ನೌಕೆಗಳ ಉಡಾವಣೆ ನಿಂತುದರಿಂದ ಪೆಪ್ಕಾನ್ ಕಾರ್ಖಾನೆಯಲ್ಲಿ ದಾಸ್ತಾನು ಬೆಳೆಯಿತು. ೧೯೮೮ರ ಮೇ ೪ರಂದು ಅಲ್ಲಿ ಬೆಂಕಿ ಹತ್ತಿ ಭಾರಿ ಸ್ಫೋಟಗಳಾಗಿ ಇಬ್ಬರು ಮೃತರಾದರು. ಮುನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮನೆಗಳು ಕಾರ್ಖಾನೆಗಳತ್ತ ಹಬ್ಬುತ್ತ ಬಂದಿದ್ದುದರ ಅಪಾಯವನ್ನು ನಗರವು ಅಂದು ಕಂಡುಕೊಂಡಿತು.

ಮತ್ತೊಂದು ಅಪಾಯವು ಸದ್ದಿಲ್ಲದುದು. ಪರ್ಕ್ಲೋರೇಟ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ. ದೇಹವನ್ನು ಸೇರಿದರೆ ಥೈರಾಯ್ಡ್ ಗ್ರಂಥಿಯು ಅಯೋಡಿನ್ ಅಂಶವನ್ನು ಹೀರುವುದಕ್ಕೆ ಅಡ್ಡಿಮಾಡುತ್ತದೆ. ಸೂಕ್ಷ್ಮ ಪರೀಕ್ಷಾವಿಧಾನವು ಬಳಕೆಗೆ ಬಂದ ಮೇಲೆ, ೧೯೯೭ರಲ್ಲಿ ಅದು ಮೀಡ್ ಸರೋವರದಲ್ಲಿಯೂ ಕೊಲರಾಡೊ ನದಿಯಲ್ಲಿಯೂ ಪತ್ತೆಯಾಯಿತು. ಮೂಲವನ್ನು ಹುಡುಕಿದಾಗ ಹೆಂಡರ್ಸನ್ನಿನ ಕಾರ್ಖಾನೆಗಳ ನೆಲದಿಂದ ಅಂತರ್ಜಲಕ್ಕೂ, ಅಲ್ಲಿಂದ ಹಳ್ಳಕ್ಕೂ ಅದು ಜಿನುಗುತ್ತಿದ್ದುದು ಗೊತ್ತಾಯಿತು. ಈ ನದಿಯ ನೀರನ್ನು ಆರಿಜೋನ ಮತ್ತು ಕ್ಯಾಲಿಫೋರ್ನಿಯದ ಕೋಟ್ಯಂತರ ಜನರು ಕುಡಿಯುತ್ತಾರೆ. ಅಂದಿನಿಂದ ಕಲುಷಿತ ಅಂತರ್ಜಲವನ್ನು ಹಿಡಿದು, ಸೂಕ್ಷ್ಮಜೀವಿಗಳ ಸಹಾಯದಿಂದ ಶುದ್ಧೀಕರಿಸುವ ವ್ಯವಸ್ಥೆ ನಡೆದಿದೆ. ಹಳ್ಳವನ್ನು ಸೇರುವ ಪರ್ಕ್ಲೋರೇಟಿನ ಮೊತ್ತವು ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಳಿದಿದೆ. ೨೦೧೪ರ ನ್ಯಾಯಾಲಯದ ಒಪ್ಪಂದದಲ್ಲಿ ಈ ಕೆಲಸಕ್ಕಾಗಿ ಸುಮಾರು ೧೧೦ ಕೋಟಿ ಡಾಲರುಗಳನ್ನು ಮೀಸಲಿಡಲಾಯಿತು. ಮೂರು ವರ್ಷಗಳ ಯುದ್ಧೋತ್ಪಾದನೆಗೆಂದು ಆರಿಸಿದ ನಿವೇಶನದ ಪರಿಣಾಮವು ಎಷ್ಟು ತಲೆಮಾರುಗಳವರೆಗೆ ಚಾಚುತ್ತದೆ ಎಂಬುದಕ್ಕೆ ಇದು ನಿದರ್ಶನ.

ಜನಸಂಖ್ಯೆಯೊಡನೆ ಹಳ್ಳದ ಹರಿವೂ ಹೆಚ್ಚಿ ದಡಗಳು ಕೊಚ್ಚಿಹೋದುವು. ಅದರ ಜೌಗುಭೂಮಿಯು ೧೯೭೦ರ ದಶಕದಲ್ಲಿ ಸುಮಾರು ೨,೦೦೦ ಎಕರೆಗಳಷ್ಟಿದ್ದುದು ೧೯೯೦ರ ದಶಕದ ಹೊತ್ತಿಗೆ ಹತ್ತನೆಯ ಒಂದು ಪಾಲಿಗೆ ಇಳಿದಿತ್ತು. ಅನಂತರ ಇಪ್ಪತ್ತಕ್ಕೂ ಹೆಚ್ಚು ಅಡ್ಡಗಟ್ಟೆಗಳನ್ನು ಕಟ್ಟಿ ಸವೆತವನ್ನು ತಡೆಯಲಾಗಿದೆ.

೬. ಸಮಾಲೋಚನೆ

ನೆವಾಡದ ಪಾಲು ಕಾಗದದ ಮೇಲೆ ಸ್ಥಿರವಾದರೂ ನದಿಯು ಸ್ಥಿರವಲ್ಲ. ೧೯೨೨ರ ಹಂಚಿಕೆಯು ಮಳೆ ಹೆಚ್ಚಾಗಿದ್ದ ವರ್ಷಗಳ ಅಳತೆಯನ್ನು ಆಧರಿಸಿತ್ತು. ೨೦೦೦ದ ಆರಂಭದಲ್ಲಿ ಸಮುದ್ರಮಟ್ಟದಿಂದ ೧,೨೧೦ ಅಡಿಗೂ ಮೇಲಿದ್ದ ಮೀಡ್ ಸರೋವರದ ಮಟ್ಟವು ೨೦೨೨ರ ಜುಲೈಯಲ್ಲಿ ಸುಮಾರು ೧,೦೪೦ ಅಡಿಗೆ ಇಳಿಯಿತು. ಸರೋವರವು ಇನ್ನೂ ಇಳಿದರೂ ನೀರು ಸಿಗುವಂತೆ ತಳದ ಹತ್ತಿರ ಮೂರನೆಯ ಸುರಂಗವನ್ನು ೨೦೧೫ರಲ್ಲಿ ಪೂರೈಸಲಾಗಿತ್ತು. ಕೊರತೆಯ ಕಾಲದ ಹಂಚಿಕೆಯನ್ನು ನಿಯಂತ್ರಿಸಲು ೨೦೦೭ರಲ್ಲಿ ಮಾಡಿದ ಸೂತ್ರಗಳಿಗೆ ೨೦೨೬ನ್ನೇ ಕೊನೆಯ ವರ್ಷವಾಗಿ ಗೊತ್ತುಮಾಡಲಾಗಿತ್ತು.

ಹುಲ್ಲನ್ನು ಕೀಳುವುದರಿಂದ ಆಗುವ ಉಳಿತಾಯವು ಒಮ್ಮೆ ಮಾತ್ರ ದೊರೆಯತಕ್ಕದ್ದು. ಕಿತ್ತ ಹುಲ್ಲನ್ನು ಮತ್ತೆ ಕೀಳಲಾಗುವುದಿಲ್ಲ. ಹುಲ್ಲಿನೊಡನೆ ಅದರ ನೀರನ್ನೇ ನಂಬಿದ್ದ ಮರಗಳೂ ಒಣಗಿದರೆ ನೆರಳು ಹೋಗಿ ಬೇಸಗೆಯ ತಾಪ ಹೆಚ್ಚುತ್ತದೆ; ತಾಪ ಹೆಚ್ಚಿದರೆ ತಂಪುಮಾಡುವ ಯಂತ್ರಗಳಿಗೆ ವಿದ್ಯುತ್ತೂ ನೀರೂ ಅಧಿಕವಾಗಿ ಬೇಕಾಗುತ್ತವೆ. ಅಲಂಕಾರದ ಹುಲ್ಲೆಲ್ಲ ತೀರಿದ ಮೇಲೆ ಬರುವ ಪ್ರತಿಯೊಂದು ಹೊಸ ಮನೆಯ ಹೊರಾಂಗಣದ ಬಳಕೆಯೂ ಉಳಿಕೆಯ ಪಾಲಿನಿಂದಲೇ ನಡೆಯಬೇಕು. ಆದುದರಿಂದ ಇಂತಹ ನಗರಗಳನ್ನು ಅಭ್ಯಸಿಸುವವರು ಜನಸಂಖ್ಯೆಯ ಪಟ್ಟಿಯ ಪಕ್ಕದಲ್ಲಿ ಎತ್ತಿದ ನೀರು, ಹಿಂದಿರುಗಿದ ನೀರು, ಹಿಂದಿರುಗಿದ ನೀರಿನ ಗುಣ ಎಂಬ ಮೂರು ಕಲಮುಗಳನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಹೆಂಡರ್ಸನ್ನಿನ ಮುಂದಿನ ಬೆಳವಣಿಗೆಗೆ ಎಷ್ಟು ಅವಕಾಶವಿದೆಯೆಂಬುದನ್ನು ಜನಗಣತಿಯ ಅಂಕಿಗಳಿಗಿಂತ ಈ ಮೂರು ಕಲಮುಗಳು ಸ್ಪಷ್ಟವಾಗಿ ತಿಳಿಸಬಲ್ಲವು.